ಎರೆ ಮೀನಿಗೆ ಬಲೆ ಬೀಸೋ ಮುಂಚೆ

ನಾಟಿ ಮುಗಿದು ಗದ್ದೆ ಕೆಲಸ ಒಂದು ಹದಕ್ಕೆ ಬಂತು ಅಂದ್ರೆ ನಮ್ಮ ಹನಕೆರೆ ಸುತ್ತಮುತ್ತ ಸಾಯಂಕಾಲ ಗಾಳ ಹಿಡಿದು ಹೊರಡೋರು ಜಾಸ್ತಿ ಆಗ್ತಾರೆ. ಹಿಟ್ಟಿನ ಉಂಡೆಗೆ ಕೊರವ ಮೀನು ಬರಲ್ಲ. ಅದಕ್ಕೆ ಕಣ್ಣೆದುರು ಒದ್ದಾಡೋ ಜೀವ ಬೇಕು, ಸಣ್ಣ ಕಪ್ಪೆ ಇಲ್ಲಾ ಪುಡಿ ಮೀನು. ಆ ಪುಡಿ ಮೀನು ಹಿಡಿಯೋಕೆ ಬೀಸುಬಲೆ. ಹೋದ ವಾರ ಇದೇ ವಿಷಯಕ್ಕೆ ಕೆರೆ ಏರಿ ಮೇಲೆ ಕೈ ಕೈ ಮಿಲಾಯಿಸೋ ಮಟ್ಟಕ್ಕೆ ಹೋಯ್ತು. ಅದಕ್ಕೇ ಬರೀತಿದ್ದೀನಿ.

ಜಗಳ ಇಷ್ಟೇ. ಕೆರೆ ಗುತ್ತಿಗೆ ಹಿಡಿದೋರು ದುಡ್ಡು ಕೊಟ್ಟು ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ರು. ಒಬ್ಬ ಹುಡುಗ ಎರೆಗೆ ಅಂತ ಬಲೆ ಬೀಸಿದ. ಬಕೆಟ್ ಬಗ್ಗಿಸಿದ್ರೆ ಗೆಂಡೆ ಜೊತೆ ಹತ್ತು ಹನ್ನೆರಡು ಬಿತ್ತನೆ ಮರಿ, ಅರ್ಧಕ್ಕರ್ಧ ಸತ್ತಿದ್ವು. ಹುಡುಗ ಕದಿಯೋಕೆ ಬಂದಿರಲಿಲ್ಲ. ಗುತ್ತಿಗೆಯೋರಿಗೆ ಹೊಟ್ಟೆ ಉರಿದದ್ದೂ ಸುಳ್ಳಲ್ಲ. ನಾಟಿ ಮಾಡಿದ ಗದ್ದೆಗೆ ದನ ನುಗ್ಗಿದ್ರೆ ನಾವು ಸುಮ್ಮನಿರ್ತೀವಾ?

ಬಲೆಗೆ ಗೆಂಡೆ ಯಾವುದು, ರೋಹು ಯಾವುದು ಗೊತ್ತಾಗಲ್ಲ. ಬೀಸೋನಿಗೆ ಗೊತ್ತಿರಬೇಕು. ಬಾಲದ ಬುಡದ ಕಪ್ಪು ಚುಕ್ಕೆ ನೋಡಿ ಗೆಂಡೆ ಅಂತ ತೀರ್ಮಾನ ಮಾಡಬೇಡಿ, ಮೃಗಾಲ್ ಮರಿಗೂ ಅಲ್ಲಿ ಕಪ್ಪು ಮಚ್ಚೆ ಇರುತ್ತೆ. ಮೈ ನೋಡಿ. ಗೆಂಡೆ ಗಿಡ್ಡ, ಮೈ ಅಗಲ, ಹುರುಪೆ ದೊಡ್ಡದು. ಮೃಗಾಲ್ ಉದ್ದಕ್ಕೆ ದುಂಡಗಿರುತ್ತೆ. ಕಾಟ್ಲಾಗೆ ತಲೆ ದಪ್ಪ, ಬಾಯಿ ಮೇಲ್ಮುಖ. ರೋಹು ತುಟಿ ಅಂಚು ಕುಚ್ಚು ಕುಚ್ಚಾಗಿರುತ್ತೆ. ಆರಿಸೋದನ್ನ ನೀರಲ್ಲೇ ಆರಿಸಿ. ಬಲೆ ಎಳೆದು ತಂದು ದಡದ ಮಣ್ಣಲ್ಲಿ ಕೊಡವಿದ್ರೆ ಮೈಮೇಲಿನ ಲೋಳೆ, ಹುರುಪೆ ಎರಡೂ ಹೋಗುತ್ತೆ. ಆಮೇಲೆ ವಾಪಸ್ ಬಿಟ್ರೂ ಆ ಮರಿ ಉಳಿಯೋದು ಕಷ್ಟ.

ಇನ್ನೂ ಒಳ್ಳೇದು ಅಂದ್ರೆ ಮರಿ ಬಿಟ್ಟ ಕೆರೆ ಬಿಟ್ಟು ಬಸಿಗಾಲುವೆಗೆ ಹೋಗಿ. ಮೊಣಕಾಲುದ್ದ ನೀರು, ಹುಲ್ಲಿನಂಚು, ಬೆಳಗ್ಗೆ ಬಿಸಿಲೇರೋ ಮುಂಚೆ. ಒಂದೆರಡು ಬೀಸಿಗೆ ಬೇಕಾದಷ್ಟು ಸಿಗುತ್ತೆ. ಜಿಲೇಬಿ ಮರಿ ಸಿಕ್ಕರಂತೂ ಗಟ್ಟಿ ಜೀವ, ಗಾಳದಲ್ಲೂ ಬಹಳ ಹೊತ್ತು ಒದ್ದಾಡುತ್ತೆ. ಆದ್ರೆ ಮಿಕ್ಕ ಜಿಲೇಬಿನ ಯಾರ ಕೃಷಿ ಹೊಂಡಕ್ಕೂ ಸುರೀಬೇಡಿ. ಒಂದು ಸಲ ಸೇರಿದ್ರೆ ಮರಿ ಮೇಲೆ ಮರಿ ಹಾಕಿ ಹೊಂಡವೆಲ್ಲ ಅದೇ ಆಗುತ್ತೆ.

ವಿ.ಸಿ. ನಾಲೆ ತುಂಬಿ ಹರೀವಾಗ ಮಾತ್ರ ಅದರ ಅಂಚಲ್ಲಿ ನಿಂತು ಬೀಸಬೇಡ್ರಪ್ಪ. ಸಿಮೆಂಟ್ ಇಳಿಜಾರು, ಮೇಲೆ ಪಾಚಿ. ಬಲೆ ಹಗ್ಗ ಮಣಿಕಟ್ಟಿಗೆ ಕಟ್ಟಿರುತ್ತೆ, ಸುತ್ತ ಸೀಸದ ಗುಂಡಿನ ಭಾರ, ನೀರಿನ ಸೆಳೆತ. ಜಾರಿದೋನಿಗೆ ಹಿಡಿಯೋಕೆ ಒಂದು ಗರಿಕೆನೂ ಇರಲ್ಲ.

ಹಿಡಿದ ಮೇಲೆ ಬದುಕಿಸಿಕೊಳ್ಳೋದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದ್ರೆ, 30 ಡಿಗ್ರಿಯಲ್ಲಿ ಏಳೂವರೆ. ಕೊರವ ಮೇಲೆ ಬಂದು ಗಾಳಿ ಕುಡಿದು ಬದುಕುತ್ತೆ, ಗೆಂಡೆಗೆ ಆ ಶಕ್ತಿ ಇಲ್ಲ. 15 ಲೀಟರ್ ಬಕೆಟ್‌ಗೆ ಹತ್ತಕ್ಕಿಂತ ಜಾಸ್ತಿ ಬೇಡ. ಹಿಡಿದ ಜಾಗದ ನೀರನ್ನೇ ತುಂಬಿ, ನಲ್ಲಿ ನೀರು ಬೇಡ. ಸುತ್ತ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿಡಿ.

ಇಷ್ಟು ಮಾಡಿಯೂ ಸಾಯ್ತಿದ್ರೆ ಮೇಲಿನ ಗದ್ದೆಯಲ್ಲಿ ಔಷಧಿ ಹೊಡೆದಿದ್ದಾರಾ ವಿಚಾರಿಸಿ. ಸೈಪರ್‌ಮೆಥ್ರಿನ್ ಥರದ ಔಷಧಿ ಮೀನಿಗೆ ಚೂರೇ ಚೂರು ತಾಕಿದ್ರೂ ಸಾಕು. ಔಷಧಿ ಹೊಡೆದೋರು ಗದ್ದೆ ನೀರನ್ನ ತಕ್ಷಣ ಬಸಿಗಾಲುವೆಗೆ ಒಡೀಬೇಡಿ. ಕೆಳಗೆ ಅದೇ ನೀರನ್ನ ದನ ಕುಡಿಯುತ್ತೆ.

ಕೊನೇ ಮಾತು ಕೊರವದ್ದು. ಮಳೆಗಾಲದಲ್ಲಿ ನೀರ ಮೇಲೆ ಕೆಂಪಗೆ, ಸಣ್ಣ ಮರಿಗಳ ಹಿಂಡು ಒಟ್ಟಿಗೆ ಓಡಾಡೋದು ನೋಡಿರ್ತೀರಿ. ಅದರ ಕೆಳಗೇ ಕೊರವ ಕಾವಲಿರುತ್ತೆ. ಅಲ್ಲಿಗೆ ಎರೆ ಬಿಟ್ರೆ ಹಸಿವಿಗಲ್ಲ, ಮರಿ ಹತ್ರ ಬಂತು ಅನ್ನೋ ಸಿಟ್ಟಿಗೇ ಕಚ್ಚುತ್ತೆ. ಸುಲಭದ ಬೇಟೆ. ಆದ್ರೆ ಕಾವಲು ಹೋದ್ರೆ ಆ ಹಿಂಡನ್ನ ಬೇರೆ ಮೀನು, ಕೊಕ್ಕರೆ ಮುಗಿಸಿಬಿಡ್ತವೆ. ಒಂದು ಹೊತ್ತಿನ ಸಾರಿಗೆ ಮುಂದಿನ ವರ್ಷದ ಕೊರವ ಅಷ್ಟೂ ಹೋಯ್ತು. ಹಿಂಡು ಕಂಡ ಕಡೆ ಗಾಳ ಇಳಿಸಬೇಡಿ.

ಒಂದು ಸಂಜೆಯ ಗಾಳಕ್ಕೆ ಆರು ಎರೆ ಮೀನು ಧಾರಾಳ. ಆರು ಸಿಕ್ಕ ಮೇಲೆ ಬಲೆ ಹಿಂಡಿ ಹೆಗಲಿಗೆ ಹಾಕ್ಕೊಳ್ಳಿ.