ಆರು ಗಂಟೆಯ ಬ್ಯಾಚು

ಹೈದರಾಬಾದಿನ ಅಮೀರ್‌ಪೇಟೆಯನ್ನು ನೋಡುವುದಿದ್ದರೆ ಬೆಳಿಗ್ಗೆ ಆರಕ್ಕೇ ಹೋಗಬೇಕು. ಇಡ್ಲಿ ಬಂಡಿಯ ಹಬೆ ಏಳುವ ಹೊತ್ತಿಗೆ ಮೈತ್ರಿವನಂ ಕಟ್ಟಡದ ಸುತ್ತಿನ ಮಹಡಿಗಳಲ್ಲಿ ಪಾಠ ಶುರುವಾಗಿರುತ್ತದೆ. ಒಂದೊಂದು ಗೋಡೆಗೂ ಹತ್ತಾರು ಬೋರ್ಡು: ಜಾವಾ, ಒರಾಕಲ್, ಟೆಸ್ಟಿಂಗ್, ಪೈಥಾನ್. ಎಷ್ಟೋ ಬೋರ್ಡುಗಳಲ್ಲಿ ಕಲಿಸುವವರ ಹೆಸರೇ ದಪ್ಪ ಅಕ್ಷರದಲ್ಲಿರುತ್ತದೆ, ಕಂಪನಿ ನಾಟಕದ ಜಾಹೀರಾತಿನಲ್ಲಿ ನಟರ ಹೆಸರು ಇರುತ್ತಿದ್ದ ಹಾಗೆ. ನನಗೆ ಇದು ಸರಿ ಅನ್ನಿಸುತ್ತದೆ. ಎರಡು ತಿಂಗಳಲ್ಲಿ ಒಂದು ವಿದ್ಯೆ ಕೈಗೆ ಹತ್ತಬೇಕಾದರೆ ಕಟ್ಟಡ ಕಟ್ಟಿಕೊಂಡು ಏನು, ಗುರು ಸಿಗಬೇಕು.

1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಎಂಬ ಐ.ಟಿ. ಕಟ್ಟಡ ತೆರೆದ ಮೇಲೆ ಈ ಬೀದಿಯೂ ಅದರ ಜೊತೆಗೇ ಬೆಳೆಯಿತು. ಬೀದರ್, ಕಲಬುರಗಿಯ ನಮ್ಮ ಹುಡುಗರಿಗೆ ಬೆಂಗಳೂರಿಗಿಂತ ಇದೇ ಹತ್ತಿರ. ನನ್ನ ತಂಗಿಯ ಮಗನೂ ಬಂದ. ಬಿ.ಎಸ್ಸಿ. ಮುಗಿಸಿ, ಔಷಧ ಕಂಪನಿಯ ರೆಪ್ ಆಗಿ ಎಂಟು ವರ್ಷ ಬೈಕಿನ ಮೇಲೆ ಸುತ್ತಿದವನು. ಇಲ್ಲಿ ಮೊದಲ ಎರಡು ಮೂರು ದಿನ ಡೆಮೊ, ಫೀಸಿಲ್ಲ.

“ಮಾಮಾ, ಮೂರು ಕಡೆ ಡೆಮೊ ಕೇಳಿ ಬಂದೆ. ಇಬ್ಬರು ಬರೀ ಪಗಾರದ ಮಾತೇ ಹೇಳಿದ್ರು. ಒಬ್ಬರು ಮಾತ್ರ ಬೋರ್ಡಿನ ಮ್ಯಾಲೆ ಪ್ರೋಗ್ರಾಮ್ ಬರೆದು ತೋರಿಸಿದ್ರು.”

“ಮತ್ತ ಎಲ್ಲಿ ಸೇರಿದಿ?”

“ಬರೆದವರ ಹತ್ರ.”

ಅರ್ಧ ಪಾಠ ಅಲ್ಲೇ ಆಯಿತು ಅಂದುಕೊಂಡೆ.

ಕೆಲವೇ ದಿನದ ಕಲಿಕೆ ಮನುಷ್ಯನನ್ನು ಬದಲಿಸುತ್ತದೆಯೇ ಎಂದು ಕೇಳುವವರಿಗೆ ಪಕ್ಕದ ಯೂಸುಫ್‌ಗೂಡ ತೋರಿಸುತ್ತೇನೆ. ಸಣ್ಣ ಕೈಗಾರಿಕೆಯವರಿಗೆ ತರಬೇತಿ ಕೊಡುವ ಸರ್ಕಾರಿ ಸಂಸ್ಥೆ ಅಲ್ಲಿದೆ, ಆಗಿನ ಹೆಸರು ಸಿಯೆಟ್. 1964ರಲ್ಲಿ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಅವರ ಪ್ರಯೋಗಕ್ಕಾಗಿ ಕಾಕಿನಾಡದ ವ್ಯಾಪಾರಿಗಳು ಆ ಸಂಸ್ಥೆಗೆ ಬಂದರು. ಹತ್ತೇ ದಿನ. ತಮ್ಮ ಗುರಿಯನ್ನು ತಾವೇ ಇಟ್ಟುಕೊಳ್ಳುವುದು, ಅಳೆದು ತೂಗಿ ಧೈರ್ಯ ಮಾಡುವುದು, ಇಷ್ಟೇ ಪಾಠ. ಎರಡು ವರ್ಷ ಬಿಟ್ಟು ನೋಡಿದರೆ, ಕಲಿತವರು ಕಲಿಯದವರಿಗಿಂತ ಹೆಚ್ಚು ಹೊಸ ಕೆಲಸಕ್ಕೆ ಕೈ ಹಾಕಿದ್ದರು.

ದೊಡ್ಡವರಾದ ಮೇಲೆ ಕಲಿಯುವುದು ಅಂದಾಗ ನನಗೆ ನಮ್ಮ ಮುತ್ಯಾ ನೆನಪಾಗುತ್ತಾರೆ. ನಿಜಾಮರ ಕಾಲದಲ್ಲಿ ಉರ್ದು ಕಲಿತು ಕಚೇರಿಯ ಗುಮಾಸ್ತರಾದವರು. ಮನೆಮಾತು ಕನ್ನಡವೇ, ಬರೆಯುವ ರೂಢಿ ಮಾತ್ರ ಇರಲಿಲ್ಲ. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಮೇಜಿಗೆ ಕನ್ನಡದ ಅರ್ಜಿಗಳು ಬರತೊಡಗಿದವು. ನಲವತ್ತು ದಾಟಿದ ಮುತ್ಯಾ ಸಂಜೆ ಸಂಜೆ ಶಾಲಾ ಮಾಸ್ತರರ ಮನೆಗೆ ಹೋಗಿ ಒತ್ತಕ್ಷರ ತಿದ್ದಿದರು. ಮಗನ ವಯಸ್ಸಿನ ಆ ಮಾಸ್ತರರನ್ನು ಕೊನೆಯವರೆಗೂ ‘ಗುರುಗಳೇ’ ಎಂದೇ ಕರೆದರು.

ಕಷ್ಟ ಇರುವುದು ಅಲ್ಲಿಯೇ. ಫೀಸು ಹೇಗೋ ಹೊಂದುತ್ತದೆ. ಮೂವತ್ತರ ಮೇಲೆ, ಇಪ್ಪತ್ತೊಂದರ ಹುಡುಗರ ಪಕ್ಕ ಕೂತು, ಗೊತ್ತಾಗಲಿಲ್ಲ ಎಂದು ಕೈ ಎತ್ತುವುದು ಹೊಂದುವುದಿಲ್ಲ. ಅಮೀರ್‌ಪೇಟೆಯ ಜೆರಾಕ್ಸ್ ಅಂಗಡಿಗಳಲ್ಲಿ ಪೂರ್ತಿ ಕೋರ್ಸಿನ ಕೈಬರಹದ ನೋಟ್ಸೇ ಮಾರಾಟಕ್ಕಿರುತ್ತದೆ. ಕೊಂಡು ರೂಮಿನಲ್ಲೇ ಓದಬಹುದು. ಆದರೂ ಆರು ಗಂಟೆಯ ಬ್ಯಾಚು ತುಂಬುತ್ತದೆ.

ದೀಪಾವಳಿಗೆ ಬಂದಾಗ ಅಳಿಯ ತನ್ನ ನೋಟ್‌ಬುಕ್ ತೋರಿಸಿದ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅಂಚಿನಲ್ಲಿ ಮಾತ್ರ ಕನ್ನಡದಲ್ಲಿ ‘ಇದು ಕೇಳಬೇಕು’ ಎಂದು ಬರೆದಿದ್ದ. ಮೊದಲ ಎರಡು ವಾರದವು ಹಾಗೇ ಉಳಿದಿದ್ದವು. ಮೂರನೆಯ ವಾರದಿಂದ ಒಂದೊಂದರ ಮೇಲೂ ಅಡ್ಡಗೆರೆ ಬಿದ್ದಿತ್ತು.