ಗುಡಿಗೆಱೆಯ ಶಕಟರೇಫ

ಕುಂದಗೋಳ ತಾಲೂಕಿನ ಗುಡಗೇರಿಯ ಹೆಸರು ಶಾಸನಾಭ್ಯಾಸಿಗಳಿಗೆ ಪರಿಚಿತವಾದದ್ದು ಅಲ್ಲಿಯ ಕ್ರಿ.ಶ. 1076ರ ಜೈನ ಶಾಸನದಿಂದ. ಜೆ.ಎಫ್. ಫ್ಲೀಟರು ಅದನ್ನು 1889ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಪುರಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಕುಂಕುಮ ಮಹಾದೇವಿ ಕಟ್ಟಿಸಿದ ಆನೆಸೆಜ್ಜೆಯ ಬಸದಿಯ ಉಲ್ಲೇಖ ಅದರಲ್ಲಿದೆ. ಊರಿನ ಹಳೆಯ ಹೆಸರು ಗುಡಿಗೆಱೆ. ಅದರ ಉತ್ತರಪದವಾದ ‘ಕೆಱೆ’ಯಲ್ಲಿರುವುದು ಸಾಮಾನ್ಯ ರಕಾರವಲ್ಲ, ಶಕಟರೇಫ.

ಈ ಶಾಸನವನ್ನು ಊರ ಮಕ್ಕಳು ಅಂತರ್ಜಾಲದಲ್ಲಿ ಓದುವಂತಾಗಬೇಕೆಂಬುದು ಅಲ್ಲಿಯ ನಿವೃತ್ತ ಮಾಸ್ತರರೊಬ್ಬರ ಬಹುದಿನದ ಆಸೆ. ಹಿಂದೆ ಬೆರಳಚ್ಚು ಮಾಡಿಸಿಟ್ಟಿದ್ದ ಪಾಠವನ್ನು ಪುಟಕ್ಕೇರಿಸಿದಾಗ ಮೊದಲು ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತಿತ್ತು. ಪಾಠವನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಎಲ್ಲವೂ ನೇರ್ಪಟ್ಟಂತೆ ತೋರಿತು. ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಓದಿದಾಗ ಅಲ್ಲಿದ್ದದ್ದು ‘ಗುಡಿಗೆರೆ’. ಪರಿವರ್ತಕವು ತನಗೆ ತಿಳಿಯದ ಱಕಾರವನ್ನು ರಕಾರ ಮಾಡಿತ್ತು, ೞಕಾರವನ್ನು ಳಕಾರ ಮಾಡಿತ್ತು.

ಕಲಸುಮೇಲೋಗರಕ್ಕಿಂತ ಇದು ದೊಡ್ಡ ಅಪಾಯ. ಓದಲಾಗದ ಪುಟವನ್ನು ಯಾರೂ ಉದ್ಧರಿಸುವುದಿಲ್ಲ. ಸೊಗಸಾಗಿ ಕಾಣುವ ತಪ್ಪು ಪಾಠ ಪ್ರಬಂಧದಿಂದ ಪ್ರಬಂಧಕ್ಕೆ ಸಾಗುತ್ತದೆ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಕೇಶಿರಾಜನು ರಳ, ಕುಳಗಳೆಂದು ಬಿಡಿಸಿ ಹೇಳಿದ್ದು ಸುಮ್ಮನೆ ಅಲ್ಲ.

ಯುನಿಕೋಡಿನಲ್ಲಿ ಈ ಅಕ್ಷರಗಳಿಗೆ ಸ್ಥಾನವಿಲ್ಲವೆಂದಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ: ಱಕಾರಕ್ಕೆ 3249, ೞಕಾರಕ್ಕೆ 3294. ಕೀಲಿಮಣೆಯಲ್ಲಿ ಕೀಲಿ ಸಿಗದಿದ್ದರೂ ಪುಟದ ಸಂಕೇತಭಾಷೆಯಲ್ಲಿ ಱ ಎಂದು ಬರೆದರೆ ಶಕಟರೇಫ ಮೂಡುತ್ತದೆ. ಆದರೆ ೞಕಾರದ ಕಥೆ ವಿಚಿತ್ರ. ಯುನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ತಪ್ಪೆಂಬ ಟಿಪ್ಪಣಿ ಮಾತ್ರ ಸೇರಿತು, ಹೆಸರು ಹಾಗೆಯೇ ಉಳಿಯಿತು. ಸಾವಿರ ವರ್ಷ ಹಿಂದಿನ ರಳನಿಗೆ ಈ ನಾಮಕರಣ! ಬರಿಯ ಸಂಖ್ಯೆಯ ಕ್ರಮದಲ್ಲಿ ವಿಂಗಡಿಸಿದರೆ ಅದು ಹಕಾರವನ್ನೂ ದಾಟಿ ಬೀಳುತ್ತದೆ. ಪದಸೂಚಿ ಸಿದ್ಧಪಡಿಸುವವರು ಇದನ್ನು ನೆನಪಿಡಬೇಕು. ಜಿಹ್ವಾಮೂಲೀಯ, ಉಪಧ್ಮಾನೀಯಗಳು ಪಟ್ಟಿಗೆ ಸೇರಿದ್ದು 2006ರಲ್ಲಿ, ನಕಾರಪೊಲ್ಲು 2021ರಲ್ಲಿ.

ಸಂಖ್ಯೆ ದೊರೆತ ಮಾತ್ರಕ್ಕೆ ಅಕ್ಷರ ಕಾಣುವುದಿಲ್ಲ. ಫಾಂಟಿನಲ್ಲಿ ಅದರ ಆಕೃತಿ ಇರಬೇಕು, ಇಲ್ಲದಿದ್ದರೆ ಖಾಲಿ ಚೌಕ. ಪುಟವು ಯುಟಿಎಫ್-8 ಎಂದು ತನ್ನ ಸಂಕೇತಕ್ರಮವನ್ನು ಸಾರದಿದ್ದರೆ, ಒಂದು ಕನ್ನಡ ಅಕ್ಷರದ ಮೂರು ಬೈಟುಗಳು ಮೂರು ಪರಕೀಯ ಚಿಹ್ನೆಗಳಾಗಿ ತೋರಬಹುದು.

ಮಾಸ್ತರರು ಫ್ಲೀಟರ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಱಳಗಳನ್ನೆಲ್ಲ ಒಂದೊಂದಾಗಿ ತಿದ್ದಿದರು. ನೆರೆಮನೆಯ ಹುಡುಗನ ಹಳೆಯ ಮೊಬೈಲಿನಲ್ಲಿ ಊರ ಹೆಸರಿನ ನಡುವೆ ಚೌಕವೊಂದು ಉಳಿಯಿತು. ಅಲ್ಲಿ ರಕಾರ ಹಾಕಿಬಿಡಿರೆಂದು ಕೆಲವರು ಸೂಚಿಸಿದರು. ಅವರು ಒಪ್ಪಲಿಲ್ಲ. ಹುಡುಗ “ಇದೇನ್ರೀ ಸರ, ಈ ಡಬ್ಬಿ?” ಎಂದು ಕೇಳಿದಾಗ, ಪಾಟಿಯ ಮೇಲೆ ಶಕಟರೇಫವನ್ನು ಬರೆದು ತೋರಿಸಿದರು.