ಹೇಮಂತದಲ್ಲಿ ಮನೆಯ ಗಾಳಿ

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯ ಸೀಮೆಯಲ್ಲಿ ಮಾರ್ಗಶಿರ ಪುಷ್ಯಮಾಸಗಳ ಚಳಿಯು ಉತ್ತರದೇಶದ ಚಳಿಯಂತೆ ಘೋರವಾದುದಲ್ಲ. ಆದರೂ ಈ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಬೆಳಗಿನ ಜಾವದಲ್ಲಿ ಮಂಜು ಕವಿದು ಕೈಕಾಲುಗಳು ಸೆಟೆದುಕೊಳ್ಳುವಷ್ಟು ಶೀತವುಂಟಾಗುವುದು. ಸಮೀಪದ ಬೆಂಗಳೂರಿನಲ್ಲಿ ೧೮೮೪ನೆಯ ಇಸವಿ ಜನವರಿ ೧೩ರಂದು ಉಷ್ಣಮಾನವು ೭.೮ ಡಿಗ್ರಿಗೆ ಇಳಿದಿದ್ದಿತೆಂದು ದಾಖಲೆಯುಂಟು. ಈಗ ಅಷ್ಟು ಚಳಿಯಿಲ್ಲದಿದ್ದರೂ ಅಭ್ಯಾಸವು ಬಿಟ್ಟಿಲ್ಲ. ದೀಪ ಹೊತ್ತಿಸುವ ವೇಳೆಗೆ ಜನರು ಕದವಿಕ್ಕಿ, ಕಿಟಕಿಗಳ ಅಗುಳಿ ಹಾಕಿ, ಸಂದುಗಳಿಗೆ ಹಳೆಯ ಬಟ್ಟೆಯನ್ನು ತುರುಕುವರು. ಚಳಿಯನ್ನು ಹೊರಗಿಟ್ಟೆವೆಂಬುದನ್ನು ಅವರು ಬಲ್ಲರು. ಕೆಟ್ಟ ಗಾಳಿಯನ್ನು ಒಳಗೆ ಕೂಡಿಹಾಕಿಕೊಂಡೆವೆಂಬುದನ್ನು ಬಲ್ಲವರು ಕಡಮೆ.

ಇದು ಆಶ್ಚರ್ಯಕರವಾದ ಸಂಗತಿಯೇ ಸರಿ. ಏಕೆಂದರೆ ಗಾಳಿಯ ಬೆಲೆಯನ್ನು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಇಲ್ಲಿ ರೇಷ್ಮೆ ಸಾಕುವವರು ಬಹಳ ಮಂದಿ. ನೂರು ಮೊಟ್ಟೆಯೆಂದರೆ ಸುಮಾರು ನಲವತ್ತು ಸಾವಿರ ಹುಳು. ಚಾಕಿಹುಳುವಿಗೆ ೨೭-೨೮ ಡಿಗ್ರಿ ಶಾಖವೂ ಹೆಚ್ಚಿನ ತೇವವೂ ಬೇಕು. ನಾಲ್ಕನೆಯ ಜ್ವರದಿಂದೆದ್ದು ಹಣ್ಣಾಗುವವರೆಗಿನ ದೊಡ್ಡ ಹುಳುವಿಗೆ ೨೪-೨೫ ಡಿಗ್ರಿ ಸಾಕು, ಆದರೆ ಗಾಳಿಯಾಡಲೇಬೇಕು. ಆ ವಯಸ್ಸಿನಲ್ಲಿ ಅವು ಹಗಲಿರುಳು ಸೊಪ್ಪು ತಿನ್ನುವುವು. ಅವುಗಳ ಉಸಿರು, ಹಸಿ ಸೊಪ್ಪಿನ ತೇವ, ಕೊಳೆಯುವ ಹಿಕ್ಕೆಯ ನಾತ ಇವೆಲ್ಲವೂ ಮನೆಯಲ್ಲಿ ತುಂಬಿಕೊಳ್ಳುವುವು. ಕದವನ್ನು ಮುಚ್ಚಿಯೇ ಇಟ್ಟರೆ ಸಪ್ಪೆ ರೋಗ. ಚಳಿಯೂ ತೇವವೂ ಕೂಡಿದರೆ ಸುಣ್ಣಕಟ್ಟು ರೋಗ. ಆದುದರಿಂದ ರೈತನು ಗೋಡೆಗೆ ಉಷ್ಣಮಾಪಕವನ್ನು ತೂಗುಹಾಕಿ, ಇದ್ದಲನ್ನು ಹೊರಗಡೆಯೇ ಹೊಗೆಯಡಗುವವರೆಗೆ ಉರಿಸಿ ಒಳಕ್ಕೆ ತಂದಿಟ್ಟು, ಬಿಸಿಲೇರಿದೊಡನೆ ಕಿಟಕಿಗಳನ್ನು ತೆರೆಯುವನು. ಹುಳುವಿನ ಮನೆಯಲ್ಲಿ ಬೀಡಿ ಸೇದುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯ ಹೆಸರನ್ನೂ ಎತ್ತುವಂತಿಲ್ಲ.

ಇಂತಹ ಒಂದು ಮನೆಗೆ ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಸುಖಪ್ರಸವವಾಗಿ, ತಾಯಿಮಕ್ಕಳು ಮನೆಗೆ ಬಂದರು. ಪುಷ್ಯಮಾಸ, ಹಿತ್ತಲಿನ ಹುಳುವಿನ ಮನೆಯಲ್ಲಿ ಹುಳು ಮೂರನೆಯ ಜ್ವರಕ್ಕೆ ಕುಳಿತಿದ್ದ ಕಾಲ. ಬಾಣಂತಿಯ ಕೋಣೆಯು ಹೊಸದಾಗಿ ಕಟ್ಟಿಸಿದ ತಾರಸಿಯ ಮನೆಯ ಒಳಮೂಲೆಯಲ್ಲಿದ್ದಿತು. ಅದಕ್ಕೆ ಇದ್ದ ಒಂದೇ ಕಿಟಕಿಯನ್ನು ಮುಚ್ಚಿ ಮೇಲೆ ಕಂಬಳಿಯನ್ನು ಇಳಿಯಬಿಟ್ಟಿದ್ದರು. ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ನೀಲಗಿರಿ ಕಟ್ಟಿಗೆಯ ಕೆಂಡ. ಎಣ್ಣೆನೀರಾದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆಗಳ ಧೂಪ. ಇವೆಲ್ಲವನ್ನೂ ಮನೆಯ ಯಜಮಾನಿಯು ತನ್ನ ತಾಯಿಯು ತನಗೆ ಮಾಡಿದ್ದಂತೆಯೇ, ಅದೇ ಪ್ರೀತಿಯಿಂದ ಮಾಡುತ್ತಿದ್ದಳು.

ಏಳನೆಯ ದಿನ ಆಶಾ ಕಾರ್ಯಕರ್ತೆ ಬಂದಳು. ೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಏರ್ಪಟ್ಟ ಈ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಲ್ಲಿ ಮನೆಗೆ ಬಂದು ನೋಡಬೇಕೆಂಬುದು ಕ್ರಮ. ಅವಳು ಕೂಸಿನ ಬಟ್ಟೆಯನ್ನು ಸರಿಸಿ, ಗಡಿಯಾರವನ್ನು ನೋಡುತ್ತ, ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿದಳು. ಅರವತ್ತನಾಲ್ಕು. ಸ್ವಲ್ಪ ಹೊತ್ತು ತಡೆದು ಮತ್ತೊಮ್ಮೆ ಎಣಿಸಿದಳು. ಅರವತ್ತಮೂರು. ಎಳೆಗೂಸಿನ ಉಸಿರು ಅರವತ್ತನ್ನು ಮುಟ್ಟಿದರೆ ಅಪಾಯದ ಸೂಚನೆಯೆಂದು ಎಣಿಸತಕ್ಕದ್ದು. ಬಾಣಂತಿಯೂ ಬೆಳಗಿನಿಂದ ತಲೆನೋವೆಂದು ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು.

"ಅಮ್ಮಾ, ಈ ಕೆಂಡ ಎಷ್ಟು ಹೊತ್ತಿನಿಂದ ಇಲ್ಲಿದೆ?"

"ಹೊಗೆಯೆಲ್ಲಾ ಹೋದ ಮೇಲೇ ಒಳಗೆ ತಂದದ್ದು ಕಣಮ್ಮ. ಶೀತ ತಾಗಿ ಸನ್ನಿಗಿನ್ನಿ ಆದರೆ ಯಾರು ನೋಡೋರು?"

"ಹಿತ್ತಲ ಹುಳುವಿನ ಮನೆಗೂ ಹೀಗೇ ಕಂಬಳಿ ಕಟ್ಟಿದ್ದೀರಾ?"

"ಅದು ಹೇಗಮ್ಮ ಆಗ್ತದೆ? ಉಸಿರುಕಟ್ಟಿ ಸಪ್ಪೆಬಿದ್ದು ಹೋಗಲ್ವಾ?" ಎಂದ ಯಜಮಾನಿಯು ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಕಂಬಳಿಯನ್ನು ತೆಗೆದವಳು ಅವಳೇ. ಅರ್ಧ ಗಂಟೆಯೊಳಗಾಗಿ ತಾಯಿಮಕ್ಕಳು ಆಸ್ಪತ್ರೆಯ ದಾರಿ ಹಿಡಿದಿದ್ದರು. ಕೂಸು ಐದು ದಿನ ಅಲ್ಲಿದ್ದು ಗುಣಹೊಂದಿತು. ಕೆಂಡವೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ; ಮಲಗುವ ಕೋಣೆಯಲ್ಲಿ ಕೆಂಡವೂ ಧೂಪವೂ ಕೂಡದೆಂದು ಮಾತ್ರ ಖಂಡಿತವಾಗಿ ಹೇಳಿ ಕಳುಹಿಸಿದರು.

ಹೊಗೆಯಡಗಿದ ಕೆಂಡದಲ್ಲಿ ಕೇಡೇನೆಂದು ಕೇಳುವವರುಂಟು. ಕೇಡು ಅಲ್ಲಿಯೇ ಅಡಗಿದೆ. ಇದ್ದಲು ಸಾಕಷ್ಟು ಗಾಳಿಯಿಲ್ಲದೆ ಉರಿಯುವಾಗ ಇಂಗಾಲದ ಮಾನಾಕ್ಸೈಡೆಂಬ ಅನಿಲವು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯದು, ಕೆಮ್ಮು ಬಾರದು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ದ್ರವ್ಯವು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮಿಗಿಲಾದ ಬಿಗಿಯಿಂದ ಈ ಅನಿಲವನ್ನು ಹಿಡಿದುಕೊಳ್ಳುವುದು. ಮೊದಲು ತಲೆನೋವು, ಆಮೇಲೆ ಮಂಪರು. ಮುಚ್ಚಿದ ಕೋಣೆಯಲ್ಲಿ ಮಂಪರು ಹತ್ತಿದವರು ಏಳದಿರುವುದೂ ಉಂಟು. ಹೊಗೆಯು ಕೂಗಿ ಹೇಳುವ ಶತ್ರು, ಇದು ಮೌನಶತ್ರು. ಬೆಂಗಳೂರಿನಂತಹ ನಗರಗಳಲ್ಲಿ ಗಾಳಿಯಾಡದ ಸ್ನಾನದ ಕೋಣೆಯ ಗ್ಯಾಸ್ ಗೀಸರಿನಿಂದ ಜನರು ಸತ್ತುದಕ್ಕೂ ಈ ಅನಿಲವೇ ಕಾರಣ.

ಹಾಗಾದರೆ ಹಿರಿಯರು ಹೇಳಿದುದು ಸುಳ್ಳೇ? ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ವಾಗ್ಭಟಾಚಾರ್ಯನು, ಹೇಮಂತದಲ್ಲಿ ಕೆಂಡದ ಶಾಖದಿಂದ ಬೆಚ್ಚಗಾದ ಒಳಮನೆ ನೆಲಮನೆಗಳಲ್ಲಿರುವವರಿಗೆ ಶೀತದ ದೋಷವು ತಟ್ಟದೆಂದು ಹೇಳಿರುವನು. ಬೆಚ್ಚಗಿರಬೇಕೆಂಬ ಆತನ ತಾತ್ಪರ್ಯವು ಇಂದಿಗೂ ಸತ್ಯ. ಆದರೆ ಶಾಸ್ತ್ರದ ಮಾತನ್ನು ನಡೆಸುವವನು ತಾನಿರುವ ಮನೆಯನ್ನು ನೋಡಿಕೊಂಡು ನಡೆಸಬೇಕು. ಈ ಸೀಮೆಯ ಹಳೆಯ ತೊಟ್ಟಿಮನೆಗೆ ನಡುವೆ ಆಕಾಶವೇ ತೆರೆದಿದ್ದಿತು, ಅಡಿಗೆಮನೆಗೆ ಗವಾಕ್ಷಿಯಿದ್ದಿತು, ಹೆಂಚಿನ ಮಾಡು ಸಂದುಸಂದಿನಲ್ಲಿಯೂ ಉಸಿರಾಡುತ್ತಿದ್ದಿತು. ಕಿಟಕಿಯನ್ನು ಮುಚ್ಚಿದರೂ ಮನೆಯು ತನ್ನ ಪಾಡಿಗೆ ಗಾಳಿಯನ್ನು ಬದಲಿಸಿಕೊಳ್ಳುತ್ತಿದ್ದಿತು. ಸಿಮೆಂಟಿನ ತಾರಸಿ, ಗಾಜಿನ ಕಿಟಕಿ, ಬಿಗಿಯಾದ ಬಾಗಿಲುಗಳ ಮನೆಯು ಹಾಗೆ ಮಾಡಲಾರದು. ಮನೆ ಬದಲಾಯಿತು, ಅಗ್ಗಿಷ್ಟಿಕೆ ಬದಲಾಗಲಿಲ್ಲ.

ಸನ್ನಿಯ ಭಯವೂ ಬರಿಯ ಮೌಢ್ಯವಲ್ಲ. ಹಿಂದೆ ಎಷ್ಟೋ ಬಾಣಂತಿಯರು ಜ್ವರ ಬಂದು ಸತ್ತರು. ಕಣ್ಣಿಗೆ ಕಾಣುವ ಬೇರೆ ಕಾರಣವಿಲ್ಲದುದರಿಂದ ಜನರು ಗಾಳಿಯನ್ನು ದೂರಿದರು. ೧೮೪೭ರಲ್ಲಿ ವಿಯೆನ್ನಾ ನಗರದ ಸೆಮ್ಮೆಲ್‌ವೈಸನೆಂಬ ವೈದ್ಯನು, ಪರೀಕ್ಷಿಸುವವರ ಕೈಗಳನ್ನು ಕ್ಲೋರಿನ್ ಬೆರೆಸಿದ ನೀರಿನಲ್ಲಿ ತೊಳೆಯಿಸಿ ಬಾಣಂತಿಯರ ಸಾವನ್ನು ಬಹಳವಾಗಿ ತಗ್ಗಿಸಿದನು. ರೋಗವು ಬಂದುದು ಶುಚಿಯಿಲ್ಲದ ಕೈಯಿಂದ. ಅಪರಾಧವು ಬಿದ್ದುದು ಕಿಟಕಿಯ ಮೇಲೆ.

ಕೆಂಡವಿಲ್ಲದ ಕೋಣೆಯೂ ಮುಚ್ಚಿದರೆ ಕೆಡುವುದು. ೧೮೫೮ರಲ್ಲಿ ಜರ್ಮನಿಯ ಪೆಟ್ಟೆನ್‌ಕೋಫರನು, ಮನೆಯ ಗಾಳಿಯ ಸಾವಿರ ಭಾಗದಲ್ಲಿ ಇಂಗಾಲಾಮ್ಲವು ಒಂದು ಭಾಗವನ್ನು ಮೀರಬಾರದೆಂದು ಒಂದು ಅಳತೆಯನ್ನು ಹಾಕಿಕೊಟ್ಟನು. ನಾಲ್ಕಾರು ಮಂದಿ ಮಲಗಿದ ಮುಚ್ಚಿದ ಕೋಣೆಯು ಬೆಳಗಾಗುವುದರೊಳಗೆ ಇದನ್ನು ದಾಟುವುದು. ಒಬ್ಬರ ಕೆಮ್ಮು ಎಲ್ಲರದಾಗುವುದೂ ಇಂತಹ ಕಡೆಯಲ್ಲಿಯೇ. ಚಳಿಗಾಲದ ರಾತ್ರಿ ನೆಲವು ಬೇಗ ತಣ್ಣಗಾಗಿ ತಂಪುಗಾಳಿಯು ಕೆಳಗೆ ಮಡುಗಟ್ಟುವುದರಿಂದ ಬೀದಿಯ ಹೊಗೆಯೂ ಮೇಲಕ್ಕೇರದು. ಇದಕ್ಕೆ ಮನೆಯವರೇ ಸೇರಿಸುವುದು ಬಹಳ. ಅಡಿಗೆಗೆ ಗ್ಯಾಸ್ ಬಂದ ಮನೆಯಲ್ಲಿಯೂ ಸ್ನಾನದ ಹಂಡೆಗೆ ಸೌದೆಯೇ. ಒಂದು ಸೊಳ್ಳೆಬತ್ತಿಯು ಉರಿದು ಮುಗಿಯುವುದರೊಳಗೆ ೭೫ರಿಂದ ೧೩೭ ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಚೆಲ್ಲುವುದೆಂದು ೨೦೦೩ರ ಒಂದು ಸಂಶೋಧನೆಯಲ್ಲಿ ಕಂಡುಬಂದಿದೆ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಪರಿಹಾರವು ದುಬಾರಿಯಾದುದಲ್ಲ. ಸೌದೆಯನ್ನು ಬಿಡಲಾಗದವರು ಒಣಗಿದ ಸೌದೆಯನ್ನೇ ಉರಿಸಿ, ಒಲೆಗೆ ಹೊಗೆಕೊಳವೆಯನ್ನು ಇಡಿಸಬೇಕು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯು ಕಡಮೆ ಸೌದೆಯಲ್ಲಿ ಬೇಯಿಸಿ, ಹೊಗೆಯನ್ನು ಮಾಡಿನಾಚೆಗೆ ಕಳುಹಿಸುವ ಬಗೆಯನ್ನು ನಾಡಿನ ಹಳ್ಳಿಗಳಿಗೆ ತೋರಿಸಿಕೊಟ್ಟಿತು. ಸೊಳ್ಳೆಗೆ ಪರದೆಯೇ ಮದ್ದು. ಕೂಸಿಗೆ ಬೆಂಕಿಯ ಶಾಖಕ್ಕಿಂತ ತಾಯಿಯ ಎದೆಯ ಶಾಖವೇ ಮೇಲು. ಟೋಪಿ, ಕಾಲುಚೀಲ, ಒಣಗಿದ ಹತ್ತಿಬಟ್ಟೆಗಳು ಉಳಿದುದನ್ನು ನೋಡಿಕೊಳ್ಳುವುವು. ಇನ್ನು ಕಿಟಕಿ: ಒಳಗೆ ಬೆಚ್ಚಗೆ ಹೊರಗೆ ತಣ್ಣಗೆ ಇರುವಾಗ ಗಾಳಿಯು ಬಲು ಬೇಗನೆ ಅದಲುಬದಲಾಗುವುದು. ಆದುದರಿಂದ ಚಳಿಗಾಲದಲ್ಲಿ ಎದುರುಬದುರಿನ ಎರಡು ಕಂಡಿಗಳನ್ನು ದಿನಕ್ಕೆ ಎರಡು ಮೂರು ಸಲ ಹತ್ತು ಹತ್ತು ನಿಮಿಷ ತೆರೆದರೂ ಬಹಳ ಉಪಕಾರವಾಗುವುದು. ಅಷ್ಟರಲ್ಲಿ ಗೋಡೆಗಳು ತಣ್ಣಗಾಗವು. ಮೇಲಿನ ಬೆಳಕಿಂಡಿಯನ್ನಂತೂ ರಾತ್ರಿಯೂ ಮುಚ್ಚಲಾಗದು.

ಆ ಮನೆಯಲ್ಲಿ ಈಗ ಹತ್ತು ಗಂಟೆಯ ಬಿಸಿಲಿಗೆ ಹುಳುವಿನ ಮನೆಯ ಕಿಟಕಿಯೂ ಬಾಣಂತಿಯ ಕೋಣೆಯ ಕಿಟಕಿಯೂ ಒಟ್ಟಿಗೆ ತೆರೆಯುವುವು. ಗಾಳಿಯಿಂದ ಸನ್ನಿಯಾಗದೆಂಬುದನ್ನು ಯಜಮಾನಿಯು ಒಪ್ಪಿಲ್ಲ. ಕಿಟಕಿಯನ್ನು ತೆರೆಯುವ ಮೊದಲು ಮಗಳ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆಯನ್ನು ಬಿಗಿದು ಕಟ್ಟುವಳು. ಕಟ್ಟಲಿ. ಅದರಿಂದ ಯಾರಿಗೂ ಕೇಡಿಲ್ಲ. ಕೂಸಿನ ಉಸಿರಿಗೆ ಬೇಕಾದುದು ಕೋಣೆಯೊಳಕ್ಕೆ ಬಂದರೆ ಸಾಕು.